ತೊಳೆದ ಬಾಗಿಲಿನ ಚುಕ್ಕಿಗಳು

ಹೋದ ತಿಂಗಳು ಒಂದು ಫೋಟೋ ನೋಡಿ ನಾನು ಗ್ಯಾಲರಿಯ ನೆಲದ ಮೇಲೆ ಕುಳಿತುಬಿಟ್ಟೆ. ಹತ್ತಿರ ಕುರ್ಚಿ ಇರಲಿಲ್ಲ, ಕುಳಿತೆ. ಕರೆದುಕೊಂಡು ಹೋಗಿದ್ದವನು ವಿನಯ್. ಬೆಂಗಳೂರಿನ ಹುಡುಗ, ಕೆಲಸ ಕಂಪ್ಯೂಟರ್ ಕಂಪನಿಯಲ್ಲಿ, ಹುಚ್ಚು ಮಾತ್ರ ಕ್ಯಾಮೆರಾದ್ದು. ಪಾಪ, ಗಾಬರಿಯಾಗಿ ನೀರು ತರಲು ಓಡಿದ.

ಅದು ಲಂಡನ್ನಿನ ಟ್ಯೂಬ್ ರೈಲುಗಳ ಮೇಲೆ ಪುಂಡರು ಬಣ್ಣದಲ್ಲಿ ಗೀಚುತ್ತಿದ್ದ ಗ್ರಾಫಿಟಿಯ ಹಳೆಯ ಚಿತ್ರಗಳ ಪ್ರದರ್ಶನ. ಬಿಳಿ ಗೋಡೆ, ಮೇಲೆ ಸಣ್ಣ ದೀಪ, ಅದರ ಕೆಳಗೆ ಚೌಕಟ್ಟು ಹಾಕಿದ ನನ್ನ ಫೋಟೋಗಳು! ನನ್ನವೇ. ಮೂಲೆಯಲ್ಲಿ ಅಳತೆಗೆಂದು ನಾನು ಒರಗಿಸುತ್ತಿದ್ದ ಮರದ ಪಟ್ಟಿ ಪ್ರತಿ ಚಿತ್ರದಲ್ಲೂ ಇತ್ತು. ಅಲ್ಲಾ ಸ್ವಾಮಿ, ಅಳಿಸಿ ಹಾಕುವ ಮೊದಲು ಒಂದು ಗುರುತಿಗಿರಲಿ ಎಂದು ತೆಗೆದ ಹೊಲಸಿನ ಚಿತ್ರಗಳವು! ಅವುಗಳ ಮುಂದೆ ಜನ ವೈನ್ ಗ್ಲಾಸ್ ಹಿಡಿದು, ತಲೆ ಒಂದು ಕಡೆ ವಾಲಿಸಿ, ದೇವರ ಮುಂದೆ ನಿಂತಂತೆ ನಿಂತಿದ್ದರು.

ನನ್ನನ್ನು ಕೆಡವಿದ್ದು ಕೊನೆಯ ಗೋಡೆಯ ಚಿತ್ರ. ರೈಲಿನ ಬಾಗಿಲಿನ ಬುಡ, ಅಲ್ಲಿ ಒಂದಿಷ್ಟು ಬಿಳಿ ಚುಕ್ಕಿಗಳು, ಅವುಗಳ ಸುತ್ತ ಹೆಣೆದ ಗೆರೆ. ಕೆಳಗಿನ ಚೀಟಿಯಲ್ಲಿ ಹೀಗೆ ಬರೆದಿತ್ತು: ಹೆಸರು ತಿಳಿಯದ ಗ್ಯಾಂಗ್. ಕಾವಲು ತಪ್ಪಿಸಿ ಒಳನುಗ್ಗಿ ಬಿಡಿಸಿದ್ದು.

ನೀರು ಕುಡಿಸಿದ ಮೇಲೆ ವಿನಯ್ ಕೇಳಿದ, "ಅಂಕಲ್, ಈಗ ಪರವಾಗಿಲ್ವಾ? ಎಷ್ಟು ಕೂಲ್ ಆಗಿತ್ತು ಅಲ್ವಾ ನಿಮ್ಮ ಕಾಲ?"

ಕೂಲ್ ಅಂತೆ! ಅವನಿಗೂ, ಅವನಂತೆ ಕ್ಯಾಮೆರಾ ಹೆಗಲಿಗೇರಿಸಿ ಟ್ಯೂಬಿನಲ್ಲಿ ಓಡಾಡುವ ಹುಡುಗ ಹುಡುಗಿಯರಿಗೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದವನು. ಅಲ್ಲಿ ಸ್ಟುಡಿಯೋದಲ್ಲಿ ಮದುವೆ, ಮುಂಜಿವೆ, ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದೆ. ಲಂಡನ್ನಿಗೆ ಬಂದು, ರೈಲಿನವರಿಗೆ ಫೋಟೋಗ್ರಾಫರ್ ಬೇಕು ಎಂದು ತಿಳಿದಾಗ, ಥಳಥಳ ಹೊಳೆಯುವ ಹೊಸ ರೈಲುಗಳನ್ನು ಕ್ಯಾಲೆಂಡರಿಗೆ ತೆಗೆಯುವ ಕೆಲಸ ಎಂದುಕೊಂಡೆ. ಇಸ್ತ್ರಿ ಮಾಡಿದ ಸೂಟು ತೊಟ್ಟು ಹೋದೆ. ಅಕ್ಸ್‌ಬ್ರಿಡ್ಜ್ ಕಡೆ ರೈಲುಗಳನ್ನು ನಿಲ್ಲಿಸಿ ತೊಳೆಯುವ ಯಾರ್ಡಿಗೆ ನನ್ನನ್ನು ಕರೆದೊಯ್ದು, ಒಂದು ಬೋಗಿಯ ಮುಂದೆ ನಿಲ್ಲಿಸಿದರು. ದೇವರೇ! ಬೋಗಿಯ ಬಣ್ಣ ಯಾವುದೆಂದೇ ತಿಳಿಯದಷ್ಟು ಗೀಚಿದ್ದರು. ಕಿಟಕಿಗಳ ಮೇಲೂ ಬಣ್ಣ ಬಿದ್ದು ಒಳಗೆಲ್ಲ ಕತ್ತಲೆ. ಸೀಟಿನ ಹೊಟ್ಟೆ ಸೀಳಿ ಸ್ಪಂಜು ಹೊರಗೆಳೆದಿದ್ದರು. ಮರದ ಪಟ್ಟಿಗಳ ನೆಲದ ಸಂದಿನಲ್ಲಿ ಸಿಗರೇಟಿನ ತುಂಡು, ಅದರ ಮೇಲೆ ಉಚ್ಚೆಯ ನಾತ. ಇಂಗ್ಲೆಂಡ್ ಎಂದರೆ ಹೂವಿನ ಕುಂಡ, ಚಹಾದ ಕಪ್ಪು ಎಂದು ನಂಬಿ ಬಂದಿದ್ದ ನನಗೆ ತಲೆ ಗಿರ್ರೆಂದಿತು.

"ಇದನ್ನೇ ತೆಗೆಯಬೇಕು," ಎಂದರು ಪ್ರಿಚರ್ಡ್. ಇವರು ನನ್ನ ಮೇಲಧಿಕಾರಿ. ಸೈನ್ಯದಿಂದ ಬಂದವರು, ಸಣಕಲು ಮೈ, ಬೂಟು ಮಾತ್ರ ಕನ್ನಡಿ. ವಾಸುದೇವ ಎಂಬ ನನ್ನ ಹೆಸರನ್ನು ಮೊದಲ ದಿನವೇ ವಾಸ್ ಎಂದು ಕತ್ತರಿಸಿಬಿಟ್ಟರು. ಅವರ ಯಾರ್ಡಿನಲ್ಲಿ ನಿಯಮ ಒಂದೇ. ಗೀಚಿದ್ದು ಕಂಡರೆ ಮೊದಲು ಫೋಟೋ, ಆಮೇಲೆ ನೀರು. ಫೋಟೋ ಆಗುವ ತನಕ ಯಾವ ಕ್ಲೀನರೂ ಬಟ್ಟೆ ಮುಟ್ಟುವಂತಿಲ್ಲ. ಫೋಟೋಗಳನ್ನು ಹೋಲಿಸಿ, ಇದು ಇಂಥವನ ಕೈ ಎಂದು ಪೊಲೀಸರಿಗೆ ತೋರಿಸುವುದು ಅವರ ಜೀವನದ ಗುರಿ.

ನನ್ನ ಮೊದಲ ಎಡವಟ್ಟು ಫ್ಲಾಶಿನದು. ನಮ್ಮ ರೈಲುಗಳ ಮೈ ಬಣ್ಣವಿಲ್ಲದ ಅಲ್ಯೂಮಿನಿಯಂ. ಮದುಮಕ್ಕಳಿಗೆ ಹಿಡಿದಂತೆ ನೇರ ಎದುರಿಗೆ ನಿಂತು ಫ್ಲಾಶ್ ಹೊಡೆದೆ. ಬೆಳಕು ತಿರುಗಿ ನನ್ನ ಮುಖಕ್ಕೇ ಬಿತ್ತು. ರೀಲು ತೊಳೆದರೆ ಚಿತ್ರದ ಜಾಗದಲ್ಲಿ ಬರೀ ಬಿಳಿ ಹೊಂಡ. ಅಷ್ಟರಲ್ಲಿ ಬೋಗಿಗಳನ್ನೂ ತೊಳೆದಾಗಿತ್ತು. ಪ್ರಿಚರ್ಡ್ ಬಯ್ಯಲಿಲ್ಲ, ಬರೇ ಆ ಬಿಳಿ ಪ್ರಿಂಟನ್ನು ಗೋಡೆಗೆ ಅಂಟಿಸಿ, "ವಾಸ್ ತೆಗೆದ ಹಿಮಪಾತ" ಎಂದು ಎಲ್ಲರಿಗೂ ತೋರಿಸಿದರು. ಅವತ್ತಿನಿಂದ ನಾನು ಎಲ್ಲವನ್ನೂ ಓರೆಯಾಗಿ ನಿಂತು ತೆಗೆಯುವುದನ್ನು ಕಲಿತೆ. ಈ ಓರೆ ನಿಲ್ಲುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇನ್ನೊಂದು ಸಲ ಯಾರ್ಡಿಗೆ ಹೋಗುವಾಗ ಬೋಗಿಯಲ್ಲಿ ಒಬ್ಬ ಸೂಟಿನ ಮಹಾಶಯ ಪತ್ರಿಕೆ ಓದುತ್ತ ಬಾಗಿಲಿಗೆ ಒರಗಿ ನಿಂತಿದ್ದ. ಬಾಗಿಲ ಮೇಲೆ ಗೀಚಿದ ಬಣ್ಣ ಇನ್ನೂ ಹಸಿ. ಆತ ಇಳಿದು ಹೋಗುವಾಗ ನೋಡಿದರೆ ಯಾವನೋ ಪುಂಡನ ಹೆಸರು ಹಸಿರು ಬಣ್ಣದಲ್ಲಿ, ತಿರುವು ಮುರುವಾಗಿ ಬೆನ್ನ ತುಂಬ! ನಾನು ನಗು ತಡೆಯಲಾರದೆ ಹಿಂದಿನಿಂದ ಒಂದು ಕ್ಲಿಕ್ ಹೊಡೆದೆ. ಪ್ರಿಚರ್ಡ್ ಅದನ್ನು ಹರಿದು ಹಾಕಿ, "ಆ ಮನುಷ್ಯ ನಮ್ಮ ಇಲಾಖೆಯ ಆಸ್ತಿಯಲ್ಲ," ಎಂದರು. ಇವತ್ತು ಅದೊಂದು ಫೋಟೋ ಉಳಿದಿದ್ದರೆ ಗ್ಯಾಲರಿಯವರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು.

ಈಗ ರೈಲಿನ ಮೈಗೆ ಬಣ್ಣ ಅಂಟದ ಲೇಪ ಬಂದಿದೆ, ಎಲ್ಲ ಕಡೆ ಕ್ಯಾಮೆರಾ ಕಣ್ಣು ಬಿಟ್ಟು ಕೂತಿದೆ. ಆಗ ಇದ್ದದ್ದು ಮೂಗು ಸುಡುವ ದ್ರಾವಣ, ಬ್ರಷ್ಷು, ಮತ್ತು ಹೆಂಗಸರ ಕೈ. ಆ ಕೈಗಳ ಚರ್ಮ ಸುಲಿದು ಬರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಥ ಹೆಂಗಸರಲ್ಲಿ ಒಬ್ಬಳು ನಮ್ಮ ಶಾಂತವ್ವ.

ಶಾಂತವ್ವ ಕಲಬುರಗಿ ಕಡೆಯವಳು. ಗಂಡ ಈಸ್ಟ್ ಹ್ಯಾಮಿನ ಹೋಟೆಲಿನಲ್ಲಿ ಅಡುಗೆಯವನಾಗಿದ್ದ, ಹಠಾತ್ತನೆ ತೀರಿಕೊಂಡ. ಆಮೇಲೆ ಆಕೆ ಪುಟ್ಟ ಮಗಳನ್ನು ಕರೆದುಕೊಂಡು ಅಕ್ಸ್‌ಬ್ರಿಡ್ಜಿನಲ್ಲಿದ್ದ ಬಾವನ, ಅಂದರೆ ಗಂಡನ ಅಣ್ಣನ, ಮನೆ ಸೇರಿದಳು. ಇಂಗ್ಲಿಷ್ ಬಾರದು. ಆ ಯಾರ್ಡಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ, ಹಾಗಾಗಿ ನನ್ನನ್ನು ಕಂಡರೆ ಅಣ್ಣನನ್ನು ಕಂಡಷ್ಟು ಸಂತೋಷ ಅವಳಿಗೆ.

ಒಂದು ಸಲ ಚಹಾ ಕುಡಿಯುವಾಗ ಆಕೆಯೇ ಹೇಳಿದ್ದಳು. "ಈ ಕೆಲಸ ಹೋತಂದ್ರ ನನ್ನ ಊರಿಗೆ ಹಚ್ಚಿ ಕೊಡ್ತೀವಿ ಅಂದಾರ್ರಿ ನಮ್ಮ ಬಾವಾರು. ಮಗಳ ಸಾಲಿ ಇಲ್ಲೇ ಮುಗೀಲಿ ಅಂತ ಒಂದ ಆಸಿ ಅಣ್ಣಾರ."

ಹೀಗಿರುವಾಗ ಆ ಚುಕ್ಕಿಗಳು ಕಾಣಿಸಿಕೊಂಡವು. ಅದೂ ಎಲ್ಲಿ? ತೊಳೆದು ಮುಗಿಸಿ, ಹೊರಡಲು ಸಿದ್ಧವಾಗಿ ನಿಂತ ಬೋಗಿಯ ಬಾಗಿಲ ಬುಡದಲ್ಲಿ, ಕಾಲಿಟ್ಟು ಹತ್ತುವ ನೆಲದ ಮೇಲೆ! ಪ್ರಿಚರ್ಡ್ ಹೌಹಾರಿದರು. ಪುಂಡರು ರೈಲು ಹೊರಗೆ ನಿಂತಾಗ ಗೀಚುವುದು ಗೊತ್ತಿದ್ದದ್ದೇ. ಆದರೆ ಕಾವಲಿರುವ ಯಾರ್ಡಿನೊಳಗೆ, ತೊಳೆದ ಮೇಲೆ, ಹಗಲು ಹೊತ್ತಿನಲ್ಲಿ?

"ನಮ್ಮನ್ನು ಅಣಕಿಸುತ್ತಿದ್ದಾರೆ, ವಾಸ್. ತೆಗೆ ಫೋಟೋ," ಎಂದರು.

ತೊಳೆದ ಬೋಗಿಗೆ ಬೂಟು ಹಾಕಿಕೊಂಡು ಹತ್ತುವಂತಿರಲಿಲ್ಲ. ಯಾರ್ಡಿನಲ್ಲಿ ಪ್ಲಾಟ್‌ಫಾರ್ಮ್ ಇರಲಿಲ್ಲ, ಹಳಿಯ ಪಕ್ಕ ನಿಂತರೆ ಬೋಗಿಯ ನೆಲ ನನ್ನ ಎದೆಯ ಮಟ್ಟಕ್ಕೆ. ಅಲ್ಲಿಂದಲೇ, ಫ್ಲಾಶ್ ಹೊಳೆಯದಂತೆ ಓರೆಯಾಗಿ ತೆಗೆದೆ. ಫೋಟೋದಲ್ಲಿ ಬಂದದ್ದು ಚಪ್ಪಟೆಯಾದ ಒಂದು ಸರಪಳಿ, ನಡುವೆ ಚುಕ್ಕಿಗಳು. ಆಮೇಲೆ ಅಂಥದ್ದು ಮತ್ತೆ ಮತ್ತೆ ಸಿಕ್ಕಿತು. ಪ್ರತಿ ಸಲ ಹಿಂದಿನದಕ್ಕಿಂತ ದೊಡ್ಡದು, ಹೆಣಿಗೆ ಇನ್ನಷ್ಟು ಸಿಕ್ಕು. ನಾನು ಫೋಟೋ ತೆಗೆಯುವಾಗ ಬೋಗಿಯೊಳಗೆ ಬಕೆಟ್ ಹಿಡಿದು ನಿಂತ ಶಾಂತವ್ವ ನಗುತ್ತಿದ್ದಳು. ನಾನೂ ನಕ್ಕು ಕೈ ಬೀಸುತ್ತಿದ್ದೆ.

ಪ್ರಿಚರ್ಡ್ ಎಲ್ಲ ಪ್ರಿಂಟುಗಳನ್ನೂ ಮೇಜಿನ ಮೇಲೆ ಹರಡಿ, ಚುಕ್ಕಿಯೆಂದರೆ ಕಾವಲುಗಾರ, ಗೆರೆಯೆಂದರೆ ಅವನು ಸುತ್ತುವ ದಾರಿ ಎಂದು ವಾದ ಹೂಡಿದರು. ಒಂದು ಗ್ಯಾಂಗೇ ಇದೆ, ದೊಡ್ಡದೇನನ್ನೋ ಮಾಡಲು ಹೊಂಚು ಹಾಕಿದೆ ಎಂದು ಪ್ರಿಂಟುಗಳ ಹಿಂದೆಲ್ಲ ಪೆನ್ಸಿಲಿನಲ್ಲಿ ಗೀಚಿದರು. ಆಮೇಲೆ ನನ್ನ ಕಡೆ ತಿರುಗಿ, "ವಾಸ್, ಇದು ನಿಮ್ಮ ಕಡೆಯದ್ದೇನಾದರೂ ಇರಬಹುದೇ?" ಎಂದು ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ಹೊಲಸೆಲ್ಲ ನಮ್ಮ ತಲೆಗೇ ಕಟ್ಟುತ್ತೀರಾ ಎನ್ನಿಸಿತು. "ಸರ್, ಭಾರತದಲ್ಲಿ ಇಂಥದ್ದು ಎಲ್ಲೂ ಇಲ್ಲ. ನಾನು ಬರೆದು ಕೊಡುತ್ತೇನೆ," ಎಂದೆ. ಎದೆ ಸೆಟೆಸಿ ಹೇಳಿದೆ!

ಆ ವಾರ ಆಫೀಸಿನ ಡಾರ್ಕ್‌ರೂಮು ರಿಪೇರಿಯಲ್ಲಿತ್ತು. ಪ್ರಿಚರ್ಡಿಗೆ ಪೊಲೀಸರ ಮುಂದಿಡಲು ದೊಡ್ಡ ಪ್ರಿಂಟುಗಳು ಬೇಕಿದ್ದವು. ಪಿನ್ನರ್‌ನ ನಮ್ಮ ಫ್ಲಾಟಿನ ಬಚ್ಚಲನ್ನೇ ಅವತ್ತು ರಾತ್ರಿ ಕತ್ತಲೆ ಮಾಡಿ, ಪ್ರಿಂಟುಗಳನ್ನು ತೊಳೆದು, ಬಟ್ಟೆ ಒಣಹಾಕುವ ಹಗ್ಗಕ್ಕೆ ಸಿಕ್ಕಿಸಿದೆ. ನನ್ನ ಹೆಂಡತಿ ಸುಮಿತ್ರಾ ಟವೆಲ್ ಎತ್ತಿಕೊಳ್ಳಲು ಬಂದವಳು, ಹಗ್ಗದ ತುದಿಯಲ್ಲಿ ನಿಂತು ಒಂದು ಪ್ರಿಂಟನ್ನು ಪಕ್ಕದಿಂದ ನೋಡಿದಳು.

"ಅಯ್ಯ, ರೈಲಿಗೆ ಯಾರ್ರೀ ರಂಗೋಲಿ ಹಾಕ್ಯಾರ?"

"ಏನಂದಿ?"

"ರಂಗೋಲಿ ರೀ. ಕಣ್ಣ ಕಾಣಸೂದಿಲ್ಲೇನು? ಚುಕ್ಕಿ ಇಟ್ಟ ಎಳಿ ಸುತ್ಯಾರ. ನಮ್ಮವ್ವ ಶುಕ್ರವಾರ ಹೊಸ್ತಿಲಕ್ಕ ಹಾಕ್ತಿದ್ಲಲ್ಲ, ಅದರಂಗ ಅದ. ಇಲ್ಲೆ ಬಂದು ಬಾಜೂಕಿಂದ ನೋಡ್ರಿ."

ನೋಡಿದೆ. ಪಕ್ಕದಿಂದ ನೋಡಿದ್ದೇ ತಡ, ಚಪ್ಪಟೆ ಸರಪಳಿ ಮೈ ಮುರಿದು ಎದ್ದಂತೆ ರಂಗೋಲಿಯಾಗಿ ನಿಂತಿತು. ಹುಟ್ಟಿದಂದಿನಿಂದ ದಾಟಿಕೊಂಡು ಓಡಾಡಿದ್ದನ್ನೇ ಗುರುತಿಸದೆ, ಭಾರತದಲ್ಲೇ ಇಲ್ಲವೆಂದು ಬಾಯಿ ಬಡಿದುಕೊಂಡು ಬಂದಿದ್ದೆನಲ್ಲ! ಮರುಕ್ಷಣ ಬಕೆಟ್ ಹಿಡಿದು ನಗುತ್ತಿದ್ದ ಶಾಂತವ್ವ ನೆನಪಾದಳು.

ಬೆಳಿಗ್ಗೆ ನಾನು ಯಾರ್ಡು ಮುಟ್ಟುವಷ್ಟರಲ್ಲಿ ಕ್ಲೀನರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಒಬ್ಬ ಪೊಲೀಸ್ ಸಾರ್ಜೆಂಟ್ ಬಂದಿದ್ದ. ಪ್ರಿಚರ್ಡ್ ಬಾಗಿಲ ಬುಡದ ಚುಕ್ಕಿಗೆ ಬೆರಳೊತ್ತಿ ಮೂಸಿ ನೋಡಿ, ಇದು ಪೇಂಟ್ ಅಲ್ಲ, ನಾವೇ ಕೊಡುವ ತೊಳೆಯುವ ಬಿಳಿ ಪುಡಿ ನೀರಲ್ಲಿ ಕಲಸಿದ್ದು ಎಂದು ಕಂಡುಹಿಡಿದಿದ್ದರು. ಅಂದರೆ ಗ್ಯಾಂಗಿನವರು ಒಳಗಿನವರೇ. ತಪ್ಪಿತಸ್ಥರು ಇವತ್ತೇ ಮನೆಗೆ ಎಂದು ಗುಡುಗುತ್ತಿದ್ದರು. ಆಗ ತಾನೇ ತೊಳೆದ ಬೋಗಿ ಪಕ್ಕದಲ್ಲೇ ನಿಂತಿತ್ತು. ಅದರ ಬಾಗಿಲಲ್ಲಿ ಅವತ್ತಿನ ರಂಗೋಲಿ ಇನ್ನೂ ಪೂರ್ತಿ ಒಣಗಿರಲಿಲ್ಲ.

"ಸರ್, ನಿನ್ನೆ ನಾನು ಹೇಳಿದ್ದು ತಪ್ಪು. ಇದು ನಮ್ಮದೇ," ಎಂದೆ. ಮನೆಬಾಗಿಲಿಗೆ ಹೆಂಗಸರು ಹಾಕುವ ಚಿತ್ರ ಎಂದು ವಿವರಿಸಿದೆ. ಪ್ರಿಚರ್ಡ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿ ಯಾರ ಮನೆಯಿದೆ?" ಎಂದರು. ಆಮೇಲೆ ಶಾಂತವ್ವನ ಕಡೆ ಕೈ ತೋರಿಸಿ, "ಆಕೆಯನ್ನು ಕೇಳು," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಆಕೆಯ ಕಣ್ಣು ನನ್ನ ಕೈಯಲ್ಲಿದ್ದ ಪ್ರಿಂಟಿನ ಮೇಲೆ ಬಿತ್ತು.

"ಇದಕ್ಕೇನ್ರಿ ಇಷ್ಟೆಲ್ಲಾ? ಇದು ನಾನ ಹಾಕಿದ್ದಲ್ರಿ ಅಣ್ಣಾರ! ನೀವು ದಿನಾ ಫೋಟೋ ತಗೀತಿದ್ರಿ. ಚಂದ ಅನಸಿ ತಗೀಲಿಕತ್ತಾರ, ಸಾಹೇಬರಿಗೂ ತೋರಸ್ತಾರ ಅನ್ಕೊಂಡು ದೊಡ್ಡ ದೊಡ್ಡದು ಹಾಕಿದೆ."

ಅವಳನ್ನು ಹಿಡಿದುಕೊಡಲು ತೆಗೆದ ಫೋಟೋಗಳನ್ನು ಅವಳು ಶಾಭಾಷ್‌ಗಿರಿ ಎಂದುಕೊಂಡಿದ್ದಳು.

"ಯಾಕವಾ ಹಾಕಿದಿ? ರೈಲಿಗೆ ಯಾರರ ರಂಗೋಲಿ ಹಾಕ್ತಾರೇನು?"

"ತೊಳದ ಬಾಗಲಾ ಬರೇದ ಬಿಡಬಾರದಲ್ರಿ. ಸತ್ತ ಮನಿ ಬಾಗಲಾ ಅಷ್ಟ ಹಂಗ ಬಿಡ್ತಾರ. ಇಷ್ಟ ಮಂದಿ ದಾಟಿ ಹೊಕ್ಕಾರ, ಎಲ್ಲಾರೂ ಚಂದಾಗಿ ಮನಿ ಮುಟ್ಟಬೇಕಲ್ಲ." ಆಮೇಲೆ ದನಿ ತಗ್ಗಿಸಿದಳು. "ಬಾವಾರ ಮನ್ಯಾಗ ಹೊಸ್ತಿಲಕ್ಕ ನನ್ನ ಕೈ ಹಚ್ಚಗೊಡಂಗಿಲ್ರಿ. ಗಂಡ ಸತ್ತಾಕಿ ಅಂತ. ಇಲ್ಲಿ ಯಾರೂ ಬ್ಯಾಡ ಅನ್ನಲಿಲ್ಲ."

ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಂದೆ. ಸಾರ್ಜೆಂಟ್ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಪ್ರಿಚರ್ಡ್ ಮಾತ್ರ ನಿಯಮ ಬಿಡುವ ಮನುಷ್ಯನಲ್ಲ. ಒಂದು ಒದ್ದೆ ಬಟ್ಟೆ ತರಿಸಿ ಅವಳ ಮುಂದೆ ಹಿಡಿದರು. "ಈಗಲೇ, ಎಲ್ಲರ ಎದುರು ಒರೆಸಲಿ. ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಇಲ್ಲ."

ಹೇಳಿದೆ. ಶಾಂತವ್ವ ಬಟ್ಟೆಯ ಕಡೆ ನೋಡಿದಳು, ಮುಟ್ಟಲಿಲ್ಲ.

"ನನ್ನ ಕೈಲಿಂದ ಆಗಂಗಿಲ್ರಿ ಅಣ್ಣಾರ. ಎಲ್ಲಾರ ಮುಂದ ಕುಂದ್ರಿಸಿ ಹಣಿ ಮ್ಯಾಲಿಂದು ಒಮ್ಮೆ ಒರಸ್ಯಾರ. ಇದನ್ನ ನನ್ನ ಕೈಲೇ ಒರಸು ಅಂದ್ರ ಹ್ಯಾಂಗ್ರಿ?"

"ಶಾಂತವ್ವ, ಮಗಳ ಸಾಲಿ..." ಎಂದೆ. ಅವಳು ಅಳತೊಡಗಿದಳು, ಆದರೆ ಕೈ ಚಾಚಲಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ತಿಳಿಯದೆ ಒದ್ದಾಡಿದೆ. ಗಂಡ ತೀರಿಕೊಂಡ ದಿನ ಹೆಂಗಸಿನ ಹಣೆಯ ಕುಂಕುಮ ಅಳಿಸುತ್ತಾರೆ, ಇದೂ ಹಾಗೇ ಅನ್ನುತ್ತಿದ್ದಾಳೆ ಎಂದು ಹೇಗೋ ಮುಗಿಸಿದೆ.

ಪ್ರಿಚರ್ಡ್ ಬಟ್ಟೆ ಹಿಡಿದ ಕೈ ಇಳಿಸಿದರು. ಆ ಬಾಗಿಲ ಹತ್ತಿರ ಹೋಗಿ ನೋಡಿದರು. ಮುಂದಿನಿಂದ ಡ್ರೈವರ್ ಹೊತ್ತಾಯಿತೆಂದು ಕೂಗಿದ.

"ವಾಸ್, ಇದು ಪೇಂಟೇ?"

"ಅಲ್ಲ ಸರ್. ನಮ್ಮದೇ ಪುಡಿ."

"ಹಾಗಾದರೆ ಇದು ಗ್ರಾಫಿಟಿಯಲ್ಲ. ಸರಿಯಾಗಿ ಜಾಲಿಸದೆ ಉಳಿದ ಪುಡಿ. ಜಾಲಿಸುವುದು ಕಲಿಯಲು ಹೇಳು. ಇನ್ನೊಮ್ಮೆ ಹೀಗಾಗಕೂಡದು."

ಇಷ್ಟೇ ಹೇಳಿ, ಬೂಟು ಟಪಟಪಿಸುತ್ತ ಹೊರಟುಹೋದರು. ರೈಲು ರಂಗೋಲಿ ಸಮೇತ ಹೊರಟಿತು. ಅಕ್ಸ್‌ಬ್ರಿಡ್ಜ್ ಸ್ಟೇಷನ್ನಿನಲ್ಲಿ ಆಫೀಸಿಗೆ ಹೋಗುವ ಮಂದಿ ಅದರ ಮೇಲೆ ಕಾಲಿಟ್ಟು ಹತ್ತಿರಬೇಕು. ನಾನು ಶಾಂತವ್ವನಿಗೆ, "ಉಳೀತವಾ ನಿನ್ನ ಕೆಲಸ. ಇನ್ನ ಮ್ಯಾಲ ಹಾಕಂಗಿಲ್ಲ ಅಂತ ಮಾತ ಕೊಡು," ಎಂದೆ. ಸಾರ್ಜೆಂಟನ ಎದುರು ಕೈ ಮುಗಿದು ಮಾತು ಕೊಟ್ಟಳು. ಆಮೇಲೆ ಅವಳು ತೊಳೆದ ಬಾಗಿಲುಗಳು ಬರಿದಾಗಿಯೇ ಹೊರಡುತ್ತಿದ್ದವು. ಪ್ರಿಚರ್ಡ್ ಒಮ್ಮೊಮ್ಮೆ ಅಲ್ಲಿ ಬಗ್ಗಿ ನೋಡುವುದನ್ನು ನಾನು ಕಂಡಿದ್ದೇನೆ, ಯಾಕೆಂದು ಕೇಳಲಿಲ್ಲ.

ಶಾಂತವ್ವ ಮುಂದೆ ಬೇರೆ ಯಾರ್ಡಿಗೆ ಹೋದಳು. ಮಗಳು ಓದಿ, ಅಕ್ಸ್‌ಬ್ರಿಡ್ಜಿನ ಯೂನಿವರ್ಸಿಟಿಯ ಆಫೀಸಿನಲ್ಲಿ ಕೆಲಸ ಹಿಡಿದು, ಸ್ವಂತ ಮನೆ ಮಾಡಿ, ತಾಯಿಯನ್ನು ಜೊತೆಗೇ ಇಟ್ಟುಕೊಂಡಳು. ಮದುವೆ ಮನೆಗಳಲ್ಲಿ ಭೇಟಿಯಾಗುತ್ತಿತ್ತು, ಆ ಮನೆಗೆ ಮಾತ್ರ ನಾನು ಹೋಗಿರಲಿಲ್ಲ.

ಗ್ಯಾಲರಿಯವರಿಗೆ ಅವತ್ತೇ ವಿಷಯ ಹೇಳಿದೆ. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಇದ್ದದ್ದನ್ನೇ ಚೀಟಿಗೆ ಬರೆದಿದ್ದರಂತೆ. ಗ್ಯಾಂಗ್ ತೆಗೆದು ಶಾಂತವ್ವನ ಹೆಸರು ಹಾಕುತ್ತೇವೆ, ಆಕೆಯದೊಂದು ಹೊಸ ಚಿತ್ರವೂ ಬೇಕು ಎಂದರು. ಮುಂದಿನ ಭಾನುವಾರ ನಾನು, ಸುಮಿತ್ರಾ, ವಿನಯ್ ಮೂವರೂ ಅವಳ ಮನೆಗೆ ಹೋದೆವು.

ಗೇಟು ದಾಟಿ ಬಾಗಿಲಿಗೆ ಬಂದೆ. ಹೊಸ್ತಿಲು ತೊಳೆದಿತ್ತು, ಇನ್ನೂ ಹಸಿ ಇತ್ತು. ಅದರ ಮೇಲೆ ಏನೂ ಇರಲಿಲ್ಲ.

"ಇದೇನವಾ? ನಿನ್ನ ಮಗಳ ಮನಿ. ಇಲ್ಲಿ ಯಾರು ಬ್ಯಾಡ ಅಂತಾರ?"

ಶಾಂತವ್ವ ನನ್ನನ್ನೇ ನೋಡಿದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. "ನೀವ ಕೇಳ್ತೀರೇನ್ರಿ ಅಣ್ಣಾರ? ಇನ್ನ ಮ್ಯಾಲ ಹಾಕಂಗಿಲ್ಲ ಅಂತ ಆವತ್ತ ನೀವ ಮಾತ ಕೊಡಿಸಿದ್ರಿ. ಪೊಲೀಸರ ಮುಂದ ಕೊಟ್ಟ ಮಾತು. ಮುರದ್ರ ಮಗಳಿಗೆ ಏನರ ತ್ರಾಸ ಆದೀತು ಅಂತ ಎಲ್ಲೂ ಹಾಕಿಲ್ರಿ."

ಎಲ್ಲೂ ಹಾಕಿಲ್ಲ! ರೈಲಿಗೆಂದು ಹೇಳಿದ್ದನ್ನು ಈ ಹೆಂಗಸು ಇಡೀ ದೇಶಕ್ಕೆಂದು ತಿಳಿದು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದಳು. ಬಾವನ ಮನೆಯಲ್ಲಿ ಬಿಡದವರು ಅವರು. ಇಲ್ಲಿ ಬಿಡದವನು ನಾನು. ಗ್ಯಾಲರಿಯಲ್ಲಿ ಬಿದ್ದ ಪೆಟ್ಟು ಇದರ ಮುಂದೆ ಏನೇನೂ ಅಲ್ಲ. ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿನಯ್ ಅತ್ತ ತಿರುಗಿ ನಿಂತ.

"ಅದು ರೈಲಿಗಷ್ಟ ಹೇಳಿದ್ದವಾ," ಎಂದೆ. "ಇದು ನಿನ್ನ ಹೊಸ್ತಿಲ. ಹಾಕವಾ, ಕೈ ಮುಗೀತೀನಿ, ಹಾಕು."

ಅವಳು ಒಳಗೆ ಹೋಗಿ ಬಟ್ಟಲಲ್ಲಿ ಅಕ್ಕಿ ಹಿಟ್ಟು ತಂದಳು. ಮಂಡಿ ಬಗ್ಗದು, ಮಗಳು ತಂದಿಟ್ಟ ಸಣ್ಣ ಸ್ಟೂಲಿನ ಮೇಲೆ ಕುಳಿತಳು. ಒಂದೊಂದಾಗಿ ಚುಕ್ಕಿ ಇಟ್ಟಳು. ಎಳೆ ಒಂದು ಕಡೆಯಿಂದ ಹೊರಟು ಎಲ್ಲ ಚುಕ್ಕಿಗಳನ್ನೂ ಸುತ್ತಿಕೊಂಡು ಬಂದು, ಹೊರಟಲ್ಲೇ ಸೇರಿತು.

ನಾನು ಹಳೆಯ ರೂಢಿಯಂತೆ ಬಾಗಿಲ ಪಕ್ಕಕ್ಕೆ ಸರಿದು, ಕ್ಯಾಮೆರಾ ಓರೆಯಾಗಿ ಹಿಡಿದೆ. ಶಾಂತವ್ವ ತಲೆ ಎತ್ತಿ ನೋಡಿ, ಎದ್ದು, ಹಿಟ್ಟಿನ ಕೈಯಲ್ಲೇ ತನ್ನ ಸ್ಟೂಲನ್ನು ನನ್ನತ್ತ ತಳ್ಳಿದಳು.

"ಇದರ ಮ್ಯಾಲ ಹತ್ತಿ ನಿಂದ್ರಿ ಅಣ್ಣಾರ. ಈ ಸಲನಾದ್ರೂ ನೆಟ್ಟಗ ತಗೀರಿ."